ನಕ್ಕರೆ ಸೋರುತ್ತೆ

ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡವನ ಮನೆಯಲ್ಲಿ ನಗೋಕೆ ಕಾರಣ ಹುಡುಕಬೇಕಾಗಿಲ್ಲ, ದಿನಾ ಒಂದಾದರೂ ಆಗ್ತಾನೇ ಇರುತ್ತೆ. ಆದರೆ ನಗೋ ಹಾಗಿಲ್ಲ. ನಕ್ಕರೆ, ಕೆಮ್ಮಿದರೆ, ಸೀನಿದರೆ ಸೋರುತ್ತೆ. ಹೊಟ್ಟೆಯ ಗಾಳಿಯ ಮೇಲಂತೂ ಹಿಡಿತವೇ ಇಲ್ಲ. ಕ್ಯಾನ್ಸರ್ ಹೋಯ್ತಲ್ಲ ಅಂತ ಎಲ್ಲರೂ ಸಮಾಧಾನ ಹೇಳ್ತಾರೆ. ನಿಜವೇ. ಆದರೆ ನನ್ನ ಸಂಕಟವೇ ಬೇರೆ. ಬೆಳಗಿನ ಮಾರಿಕುಪ್ಪಂ ರೈಲು ಕೂಗಿದಾಗೆಲ್ಲ ಎದ್ದು ಜಗಲಿಗೆ ಬಂದು ನಿಲ್ತೀನಿ. ನಮ್ಮೂರ ಚಿನ್ನದ ಗಣಿ ಮುಚ್ಚಿದಾಗಿನಿಂದ ಬೆಂಗಳೂರಿನ ಕೆಲಸಕ್ಕೆ ಅದರಲ್ಲೇ ಓಡಾಡಿದವನು ನಾನು, ಈಗ ಸೋರೋ ಭಯಕ್ಕೆ ಹತ್ತೋದೇ ಬಿಟ್ಟಿದ್ದೀನಿ. ಕೆಲಸ ಹಾಳಾಗಲಿ, ಅದರೊಳಗಿನ ನಮ್ಮ ಇಸ್ಪೀಟು ಗ್ಯಾಂಗು ಬೇಕು ನನಗೆ.

ಅಲ್ಲಾಡದ ವ್ಯಾಯಾಮ

"ಮೂತ್ರ ತಡೆಯೋ ಥರ ಒಳಗೇ ಬಿಗಿ ಹಿಡಿದು ಬಿಡಿ, ದಿನಾ ಮಾಡಿ" ಅಂದಿದ್ರು ಡಾಕ್ಟರು. ಜಗಲಿ ಮೇಲೆ ಕೂತು ಬಿಗಿ ಹಿಡಿದೆ. ರೈಲು ಹತ್ತೋ ಆಸೆ ನೋಡಿ, ಸ್ವಲ್ಪ ಜಾಸ್ತೀನೇ ಹಿಡಿದೆ. ಹೆಂಡತಿ ಪಾತ್ರೆ ಬಿಟ್ಟು ಓಡಿ ಬಂದಳು.

"ಯಾಕ್ರೀ, ಮಕ ಅಂಗೆ ಕೆಂಪಾಗೈತೆ? ಎದೆ ನೋವಾ?"

"ವ್ಯಾಯಾಮ ಕಣೇ."

"ಕೈ ಆಡ್ತಿಲ್ಲ, ಕಾಲು ಆಡ್ತಿಲ್ಲ, ಇದ್ಯಾವ ಸೀಮೆ ವ್ಯಾಯಾಮ? ಇದೇ ಆದ್ರೆ ಮದುವೆ ಆದಾಗಿಂದ ಮಾಡ್ತಾನೇ ಇದ್ದೀರಲ್ಲ!"

ಬೀಗರ ಪೊಟ್ಟಣ

ನಮ್ಮೂರ ಆಂಡರ್ಸನ್‌ಪೇಟೆಯಲ್ಲಿ ಎಲ್ಲರೂ ಗುರುತಿನವರು. ಅಲ್ಲಿ ಡೈಪರ್ ಕೊಂಡರೆ ನನಗಿಂತ ಮುಂಚೆ ಸುದ್ದಿ ಮನೆ ಸೇರಿರುತ್ತೆ. ಅದಕ್ಕೇ ಬಂಗಾರಪೇಟೆಗೆ ಹೋದೆ. ಮೆಡಿಕಲ್ ಸ್ಟೋರಿನವನು ಪೊಟ್ಟಣ ಕೈಗಿಟ್ಟ. ತಿರುಗಿ ನೋಡಿದ್ರೆ ಪಕ್ಕದಲ್ಲೇ ನಮ್ಮ ಬೀಗರು, ಮಗಳ ಮಾವ! ಅವರ ಕೈಯಲ್ಲೂ ಅದೇ ಪೊಟ್ಟಣ.

"ಮೊಮ್ಮಗನಿಗೆ" ಅಂದೆ.

"ನಾನೂ ಮೊಮ್ಮಗನಿಗೇ" ಅಂದ್ರು.

ನಮ್ಮಿಬ್ಬರಿಗೂ ಸೇರಿ ಇರೋನು ಒಬ್ಬನೇ ಮೊಮ್ಮಗ. ಅವನೀಗ ಪಿಯುಸಿ.

ಚಿಲಕಕ್ಕೆ ಟವಲ್

ಯಾಕೆ ರೈಲಿಗೆ ಬರ್ತಿಲ್ಲ ಅಂತ ನನ್ನ ಜೊತೆ ಗಣಿಗೆ ಇಳೀತಿದ್ದ ಗೆಳೆಯ ಮನೆಗೇ ಬಂದು ಕೇಳಿದ. ನಾಚಿಕೆ ಬಿಟ್ಟು ಎಲ್ಲ ಹೇಳಿದೆ. "ನಿಮ್ಮನ್ನೆಲ್ಲ ನೆನೆಸ್ಕೊಂಡ್ರೆ ಅಳು ಬತ್ತದೆ ಕಣ್ಲಾ" ಅಂದೆ.

"ಸೋಮವಾರ ಬಾ. ಮಿಕ್ಕಿದ್ದು ನಾನ್ ನೋಡ್ಕತೀನಿ" ಅಂದ.

ನಮ್ಮ ರೈಲಲ್ಲಿ, ಅದು ಹೊರಡೋ ಮಾರಿಕುಪ್ಪಂನಲ್ಲೇ ಹತ್ತಿದವರು ಟವಲ್ ಹಾಕಿ ಮಿಕ್ಕವರಿಗೆ ಸೀಟು ಹಿಡೀತಾರೆ. ಟವಲ್ ಬಿದ್ದ ಕಡೆ ಬೇರೆಯವರು ಕೂರೋ ಹಾಗಿಲ್ಲ. ಸೋಮವಾರ ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿ ನೋಡ್ತೀನಿ, ಗ್ಯಾಂಗು ಪೂರ್ತಿ ಕಕ್ಕಸಿನ ಪಕ್ಕ ಮೂಗು ಮುಚ್ಕೊಂಡು ಕೂತಿದೆ. ಕಕ್ಕಸಿನ ಚಿಲಕಕ್ಕೆ ಟವಲ್ ಕಟ್ಟಿದೆ!

ಬಂಗಾರಪೇಟೆಯಲ್ಲಿ ಒಬ್ಬ ದಪ್ಪ ಮನುಷ್ಯ ಹೊಟ್ಟೆ ಹಿಡ್ಕೊಂಡು ಹತ್ತಿದ.

"ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ. ಟವಲ್ ಕಾಣಲ್ವಾ? ನಮ್ಮೋನಿಗೆ ಇಡಿದಿದ್ದೀವಿ" ಅಂದ ಗೆಳೆಯ.

"ಅಯ್ಯೋ, ಅರ್ಜೆಂಟು ಕಣ್ರೀ!"

ಗೆಳೆಯ ಇಸ್ಪೀಟಿನ ಎಲೆಯಿಂದ ತಲೆ ಎತ್ತಿದ. "ಎಲ್ಲಿ ಇಳೀತೀರ?"

"ವೈಟ್‌ಫೀಲ್ಡ್."

"ಸರಿ, ಮಾಲೂರು ಗಂಟ ಕೂತ್ಕಳಿ. ಆಮೇಲೆ ಬಿಟ್ಕೊಡ್ಬೇಕು."

ಆತ ಒಳಗೆ ನುಗ್ಗಿ ಬಾಗಿಲು ಹಾಕ್ಕೊಂಡ. ನಾನು ನಕ್ಕೆ. ತಿಂಗಳುಗಟ್ಟಲೆ ಹಿಡಿದಿಟ್ಟಿದ್ದ ನಗು, ತಡೆಯೋಕೇ ಆಗಲಿಲ್ಲ. ಕಣ್ಣಲ್ಲೂ ನೀರು, ಕೆಳಗೂ ನೀರು. ಹಿಂಗೆ ನಕ್ಕು ಎಷ್ಟು ಕಾಲ ಆಗಿತ್ತೋ! ಎದ್ದು ಓಡಿ ಬಾಗಿಲು ಬಡಿದೆ.

ಒಳಗಿಂದ ಆತ ಕೂಗಿದ: "ಮಾಲೂರು ಇನ್ನೂ ಬಂದಿಲ್ಲ ಕಣ್ರೀ!"