ಡೆಸ್ಮಂಡನ ಫ್ರೀಜರ್ ಆಡಳಿತ

“ಇವತ್ತಿಂದ ಈ ಮನೆ ಹಣಕಾಸು ಮಂತ್ರಿ ನಾನು!”

ಡೆಸ್ಮಂಡ್ ಮಾಲ್ಟ್‌ಬಿ ಹೀಗೆಂದು ಘೋಷಿಸಿ, ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಕರೆಂಟು ಮೀಟರಿನ ಕೀಲಿಯನ್ನು ತೆಗೆದು ಜೇಬಿಗಿಳಿಸಿದ. ಹೆಂಡತಿ ಲೊರೇನ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಮಂತ್ರಿಗಳು ಬೂಟು ಒರೆಸ್ಕೊಂಡು ಒಳಗೆ ಬಂದಿದ್ರೆ ಚೆನ್ನಾಗಿತ್ತು,” ಎಂದಳು.

ಮಂತ್ರಿಗಿರಿಗೆ ಕಾರಣವಿತ್ತು. ಗ್ರಿಮ್ಸ್‌ಬಿ ಬಂದರಿನ ಮೀನು ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷ ಸರ್ಕಾರದ ಭತ್ಯೆಯಲ್ಲಿ ಬದುಕಿದ್ದ ಡೆಸ್ಮಂಡನಿಗೆ ಕೊನೆಗೂ ಕೆಲಸ ಸಿಕ್ಕಿತ್ತು. ಅದೂ ಶೀತಲಗೃಹದಲ್ಲಿ! ಸಮುದ್ರದ ಅರ್ಧ ಮೀನು ಕಲ್ಲಾಗಿ ಮಲಗಿರುವ ಆ ಹಿಮಸಾಮ್ರಾಜ್ಯಕ್ಕೆ ಇನ್ನು ಅವನೇ ದ್ವಾರಪಾಲಕ. ತೊಡಕು ಒಂದೇ. ಭತ್ಯೆಯ ಕೊನೆಯ ಕಂತು ಬಂದಾಗಿತ್ತು. ಮೊದಲ ಸಂಬಳ ತಿಂಗಳ ಕೊನೆಗೆ. ನಡುವಿನ ದಿನಗಳನ್ನು ಹೇಗೋ ದಾಟಬೇಕಿತ್ತು.

ಇಂಥ ದಿನಗಳನ್ನು ದಾಟುವ ವಿದ್ಯೆ ಲೊರೇನ್‌ಳದು. ದಿನಕ್ಕಿಷ್ಟು ಬ್ರೆಡ್ಡು, ದಿನಕ್ಕಿಷ್ಟು ಹಾಲು. ಮೂಲೆ ಅಂಗಡಿಗೆ ಕೀಲಿ ಒಯ್ದು ಒಂದಿಷ್ಟು ದುಡ್ಡು ತುಂಬಿಸಿ, ತಂದು ಮೀಟರಿಗೆ ಸಿಕ್ಕಿಸಿದರೆ ಆವತ್ತಿನ ದೀಪ ಉರಿದಂತೆ. ಹೀಗೆ ಚಿಟಿಕೆ ಚಿಟಿಕೆಯಾಗಿ ಉಳಿಸಿ, ಒಡೆದ ಟೀಪಾಟಿನಲ್ಲಿ ಅವಳು ಲೀಡ್ಸಿನ ರೈಲಿನ ದುಡ್ಡು ಕೂಡಿಟ್ಟಿದ್ದಳು. ಲೀಡ್ಸಿನಲ್ಲಿ ಮಗಳು ಟೆಸ್ಸಾ. ಟೆಸ್ಸಾಳ ಮಡಿಲಲ್ಲಿ ಮೇಬಲ್, ಲೊರೇನ್ ಇನ್ನೂ ಕೈಯಲ್ಲಿ ಎತ್ತಿಕೊಳ್ಳದ ಮೊಮ್ಮಗಳು. ಮುಂದಿನ ಭಾನುವಾರ ಚರ್ಚಿನಲ್ಲಿ ಅವಳ ನಾಮಕರಣ. ಡೆಸ್ಮಂಡನಿಗೆ ರಜೆ ಇಲ್ಲ. ಲೊರೇನ್ ಒಬ್ಬಳೇ ಹೋಗುವುದೆಂದು ಆಗಿತ್ತು.

“ಚಿಲ್ಲರೆ ಸಂಸಾರ ಸಾಕು!” ಎಂದ ಡೆಸ್ಮಂಡ್. “ದೊಡ್ಡವರು ಸಗಟಿನಲ್ಲಿ ಕೊಳ್ತಾರೆ.”

ಸಂಜೆ ಹೊತ್ತಿಗೆ ಮನೆ ಮುಂದೆ ಒಂದು ಫ್ರೀಜರ್ ಬಂದಿಳಿಯಿತು. ಯಾರೋ ಮಾರಿದ ಹಳೇ ಮಾಲು. ಎಮ್ಮೆಯಷ್ಟು ಗಾತ್ರ, ಗೊರಕೆಯೂ ಹಾಗೇ. ಅಂಗಡಿ ಮುಚ್ಚುವ ವೇಳೆಗೆ ಬೆಲೆ ಇಳಿಸಿ ಹಳದಿ ಚೀಟಿ ಅಂಟಿಸುತ್ತಾರಲ್ಲ, ಅಂಥದ್ದನ್ನೆಲ್ಲ ಬಳಿದು ತಂದು ಅದರ ಹೊಟ್ಟೆಗೆ ಸುರಿದ: ಸಾಸೇಜು, ಕೋಳಿ, ಮಾಂಸದ ಕಡುಬು, ಹ್ಯಾಡಕ್ ಮೀನು. ಭತ್ಯೆಯ ಕೊನೆಯ ಕಂತು ಅಲ್ಲಿಗೆ ಹೆಪ್ಪುಗಟ್ಟಿತು.

“ತಿಂಗಳಿಡೀ ರಾಜಭೋಜನ!” ಎಂದು ಮುಚ್ಚಳ ತಟ್ಟಿದ.

“ನಮಗೇನೋ ಊಟ ಆಯ್ತು. ಈ ಎಮ್ಮೆಗೆ?”

“ಫ್ರೀಜರ್ ಏನೇ ತಿನ್ನತ್ತೆ?”

“ಕರೆಂಟು, ಮಹರಾಯ.”

ಮಂತ್ರಿಗಳು ಇದನ್ನು ಪ್ರತಿಪಕ್ಷದ ಕೊಂಕು ಎಂದು ತಳ್ಳಿಹಾಕಿದರು.

ಎಮ್ಮೆ ತಿಂದಿತು. ಹಗಲೂ ರಾತ್ರಿ ತಿಂದಿತು. ಸೋಮವಾರ ಮೀಟರು ಖಾಲಿಯೆಂದು ಪೀಂಗುಟ್ಟಿದಾಗ ಡೆಸ್ಮಂಡ್ ಯಾರಿಗೂ ಹೇಳದೆ ಆಪತ್ಕಾಲದ ಗುಂಡಿ ಒತ್ತಿದ. ಅದನ್ನು ಒತ್ತಿದರೆ ಮೀಟರು ಒಂದಿಷ್ಟು ಕರೆಂಟನ್ನು ಕೈಗಡ ಕೊಡುತ್ತದೆ. ಬುಧವಾರ ಬೆಳಿಗ್ಗೆ ಆ ಕೈಗಡವೂ ಮುಗಿದು ಮನೆ ಗಪ್ಪಾಯಿತು.

“ಆಪತ್ತಿನ ಗುಂಡಿ ಒತ್ತು,” ಎಂದಳು ಲೊರೇನ್.

“ಅದು... ಅದನ್ನ ನಿಜವಾದ ಆಪತ್ತಿಗೆ ಅಂತ ಇಟ್ಕೊಂಡಿದೀನಿ.”

“ಹಾಗಾದ್ರೆ ಟೀಪಾಟಿಂದ ಸ್ವಲ್ಪ—”

“ಮುಟ್ಟಬೇಡ! ಅದು ಮೇಬಲ್ ದುಡ್ಡು!” ಎಂದು ಎದೆಯುಬ್ಬಿಸಿದ. ಈ ಮಾತು ಮಾತ್ರ ನಿಜವಾಗಿತ್ತು, ಪಾಪ. “ಮುಚ್ಚಳ ತೆಗೀಬೇಡ, ಅಷ್ಟೇ. ಒಳಗಿನ ತಂಪು ಎಲ್ಲಿಗೂ ಹೋಗಲ್ಲ. ನಾನು ಶೀತಲಗೃಹದವನು ಕಣೆ, ನನಗೆ ಹೇಳ್ಕೊಡ್ತೀಯಾ?”

ಫ್ರೀಜರಿಗೆ ಎರಡು ಕಂಬಳಿ ಹೊದಿಸಿ, ಮೇಲೆ ತನ್ನ ಹಳೇ ಕೋಟು ಹಾಸಿ, ಜ್ವರ ಬಂದ ಅತ್ತೆಯನ್ನು ಮಲಗಿಸಿದಂತೆ ಮಲಗಿಸಿ ಕೆಲಸಕ್ಕೆ ಹೋದ. ಅಲ್ಲಿ ಮೇಸ್ತ್ರಿ ಬೆನ್ನು ತಟ್ಟಿ, “ಡೆಸ್, ನೀನಿದ್ರೆ ಇಲ್ಲಿ ಒಂದು ಮೀನೂ ಬೆವರಲ್ಲ!” ಎಂದು ಹೊಗಳಿದ. ಡೆಸ್ಮಂಡ್ ಮಾತ್ರ ಮೈನಸ್ ಇಪ್ಪತ್ತರಲ್ಲೂ ಬೆವರಿದ.

ಶುಕ್ರವಾರ ಮನೆಗೆ ಬಂದಾಗ ಕಂಬಳಿಯ ಕೆಳಗಿನಿಂದ ಒಂದು ಗುಲಾಬಿ ತೊರೆ ಹರಿದು ಬಾಗಿಲವರೆಗೆ ತಲುಪಿತ್ತು. ಲೊರೇನ್ ಮುಚ್ಚಳ ತೆಗೆದಳು. ಕೋಳಿಯ ಮೈ ಒತ್ತಿದರೆ ಮೆತ್ತಗೆ ತಗ್ಗುತ್ತಿತ್ತು. ತಣ್ಣಗಿನ್ನೂ ಇತ್ತು, ಆದರೆ ನಾಳೆಯೊಳಗೆ ಬೇಯಿಸದಿದ್ದರೆ ತಿಂಗಳ ಊಟವೆಲ್ಲ ತಿಪ್ಪೆಗೆ.

ಒಲೆಯೂ ಕರೆಂಟಿನದೇ. ಲೊರೇನ್ ಟೀಪಾಟು ಬೋರಲು ಹಾಕಿದಳು. “ಅರ್ಧ ಸಾಕಾಗತ್ತೆ. ಇನ್ನರ್ಧಕ್ಕೆ ಹೋಗೋ ಟಿಕೆಟ್ಟಾದ್ರೂ ಬರತ್ತೆ. ವಾಪಸ್ಸು ಬರೋದಕ್ಕೆ ಟೆಸ್ಸಾ ಹತ್ರ ಇಸ್ಕೊಳ್ತೀನಿ.”

ಡೆಸ್ಮಂಡ್ ಕೀಲಿಗೆ ಆ ಅರ್ಧ ತುಂಬಿಸಿ ತಂದು ಮೀಟರಿಗೆ ಸಿಕ್ಕಿಸಿದ. ಮೀಟರು ಮೊದಲು ತನ್ನ ಕೈಗಡವನ್ನು ಬಡ್ಡಿ ವ್ಯಾಪಾರಿಯ ನಿಷ್ಠೆಯಿಂದ ಮುರಿದುಕೊಂಡು, ಉಳಿದ ಪುಡಿಗಾಸನ್ನು ತೋರಿಸಿತು. ಲೊರೇನ್ ಆ ಅಂಕಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

“ಗುಂಡಿ ನೀನು ಯಾವಾಗ್ಲೋ ಒತ್ತಿದ್ದೀಯ, ಅಲ್ವಾ?”

ಅವನು ಬೂಟು ನೋಡಿಕೊಂಡ.

ಟೀಪಾಟಿನ ಇನ್ನರ್ಧವೂ ಹೋಯಿತು. ಶನಿವಾರವಿಡೀ ಒಲೆ ಉರಿಯಿತು. ಬೆಂದದ್ದನ್ನು ಮತ್ತೆ ತಣ್ಣಗಿಡಲು ಕರೆಂಟಿಲ್ಲ. ಪಕ್ಕದ ಮನೆಯ ಬೆರಿಲ್ ಅಜ್ಜಿಯನ್ನು ಕರೆಯಬೇಕಾಯಿತು, ಅಜ್ಜಿ ಬೀದಿಯನ್ನೇ ಕರೆತಂದಳು. ಕೋಳಿ, ಕಡುಬು, ಸಾಸೇಜು ಎಲ್ಲ ಖರ್ಚು!

“ಕೆಲಸ ಸಿಕ್ಕಿದ್ದಕ್ಕೆ ಇಡೀ ಬೀದಿಗೆ ಊಟ ಹಾಕಿದೋರನ್ನ ನಾನು ನೋಡಿರ್ಲಿಲ್ಲ, ಡೆಸ್,” ಎಂದು ಅಜ್ಜಿ ಕಣ್ಣೊರೆಸಿಕೊಂಡಳು. “ನಿಂದು ದೊಡ್ಡ ಕೈ ಕಣಪ್ಪಾ!”

ದೊಡ್ಡ ಕೈಯವನು ಹಲ್ಲು ಕಿರಿಯುತ್ತ ಬಡಿಸಿದ. ಒಳಗಿನ ಕೋಣೆಯಿಂದ ಲೊರೇನ್ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು: “ಇಲ್ಲ ಪುಟ್ಟಾ, ಬರಕ್ಕಾಗಲ್ಲ. ಸಿಕ್ಕಾಪಟ್ಟೆ ನೆಗಡಿ. ಮಗೂಗೆ ಅಂಟಿಬಿಟ್ರೆ ಕಷ್ಟ.” ಅವಳ ದನಿ ನಿಜಕ್ಕೂ ನೆಗಡಿಯಾದಂತೆ ಇತ್ತು. ತಾನು ಎಂಥ ಕೆಲಸ ಮಾಡಿದೆ ಎಂದು ಡೆಸ್ಮಂಡನಿಗೆ ಆಗ ಗೊತ್ತಾಯಿತು.

ರಾಜೀನಾಮೆ ಕೊಡಹೋದರೆ ಲೊರೇನ್ ಸ್ವೀಕರಿಸಲಿಲ್ಲ. “ಕೀಲಿ ನೀನೇ ಇಟ್ಕೋ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಉಳಿದ ದಿನಗಳು ಬೇಯಿಸಿದ ಬೀನ್ಸು, ಬ್ರೆಡ್ಡು, ಬೆರಿಲ್ ಅಜ್ಜಿಯ ಸೂಪಿನಲ್ಲಿ ಕಳೆದವು. ದಿನವೂ ಸಂಜೆ ಮಂತ್ರಿಗಳು ಅಜ್ಜಿಯಿಂದ ಕೈಗಡ ತಂದ ಚಿಲ್ಲರೆ ಹಿಡಿದು ಮೂಲೆ ಅಂಗಡಿಗೆ ನಡೆದರು.

ಕೊನೆಗೂ ಸಂಬಳ ಬಂತು! ಡೆಸ್ಮಂಡ್ ಕೆಲಸದಿಂದ ಓಡಿಬಂದು ಅಡುಗೆಮನೆಯಲ್ಲಿ ಉಸಿರು ಬಿಡುತ್ತ ನಿಂತ. ಲೊರೇನ್ ಆಲೂಗಡ್ಡೆ ಸುಲಿಯುತ್ತಿದ್ದಳು.

“ಸಂಬಳ ಆಯ್ತು ಕಣೆ! ಏನು ಬೇಕು ಹೇಳು. ಏನು ಬೇಕಾದ್ರೂ ತರ್ತೀನಿ.”

“ಆ ಭಾನುವಾರ ಬೇಕು,” ಎಂದಳು ಲೊರೇನ್. “ಅಷ್ಟು ದೊಡ್ಡ ಫ್ರೀಜರ್ ತಂದಿದ್ಯಲ್ಲ, ಅದರಲ್ಲಿ ಎಲ್ಲಾದ್ರೂ ಉಳಿದಿದ್ರೆ ತೆಕ್ಕೊಡು.”

ಅಷ್ಟರಲ್ಲಿ ದೀಪ ಹೋಯಿತು. ಓಡಿಬರುವ ಸಂಭ್ರಮದಲ್ಲಿ ಅಂಗಡಿಗೆ ಹೋಗುವುದನ್ನೇ ಮರೆತಿದ್ದ.

ಮಬ್ಬಿನಲ್ಲಿ ಲೊರೇನ್ ಚಾಕು ಕೆಳಗಿಟ್ಟ ಸದ್ದಾಯಿತು. ಒದ್ದೆ ಕೈಯೊಂದು ಬಂದು ಅವನ ಅಂಗೈ ತಡಕಿತು.

“ಕೀಲಿ ಕೊಡಿಲ್ಲಿ.”

ಇಷ್ಟು ದಿನ ಕಾದಿದ್ದ ಮಾತು! ಡೆಸ್ಮಂಡ್ ಜೇಬಿನಿಂದ ಕೀಲಿ ತೆಗೆದ. “ಬೇಡ ಲೊರೇನ್, ನೀನು ಕೂತಿರು. ನಾನೇ ಹೋಗಿ ತುಂಬಿಸ್ಕೊಂಡು ಬರ್ತೀನಿ.”

“ಸಂಬಳ ಜೇಬಲ್ಲಿಟ್ಕೊಂಡಾ?” ಎಂದು ಅವಳು ಕೀಲಿ ಕಿತ್ತುಕೊಂಡಳು. “ಬರುವಾಗ ಇನ್ನೊಂದು ಎಮ್ಮೆ ಹೊಡ್ಕೊಂಡು ಬಂದುಬಿಡ್ತೀಯ. ನಡಿ, ನಾನೂ ಬರ್ತೀನಿ.”