ಢಮಾರ್ ನಿಂತ ದಿನ

ಸೈಲೆನ್ಸರ್ ಬದಲಾಯಿಸುವ ಬುದ್ಧಿ ಡೆಲ್ಬರ್ಟ್ ಎಂಗ್‌ಸ್ಟ್ರಾಮನಿಗೆ ಯಾಕಾದರೂ ಬಂತೋ, ಆ ದೇವರಿಗೇ ಗೊತ್ತು. ವರ್ಷವಿಡೀ ಸ್ಕೂಲ್ ಬಸ್ಸು ಓಡಿಸಿ, ಮಕ್ಕಳ ಕಿರುಚಾಟಕ್ಕೆ ಕಿವಿ ತೂತಾದ ಮನುಷ್ಯ. ಅವನಿಗೆ ಬೇಕಿದ್ದದ್ದು ಗುಡುಗುಡು ಎಂಬ ಒಂದು ಗಂಭೀರ ಸದ್ದು, ಅಷ್ಟೇ. ಹಿಮ ಕರಗಿದ್ದೇ ತಡ, ಮೋಟಾರ್‌ಸೈಕಲ್ಲಿಗೆ ದಪ್ಪ ಕೊಳವೆಯ ಹೊಸ ಸೈಲೆನ್ಸರ್ ಹಾಕಿದ. ಗುಡುಗುಡು ಬಂತು. ಅದರ ಹಿಂದೆಯೇ, ಕರೆಯದೆ ಬಂದ ನೆಂಟನ ಹಾಗೆ, ಇನ್ನೊಂದು ಸದ್ದೂ ಬಂತು. ಆಕ್ಸಿಲರೇಟರ್ ತಿರುವಿ ಬಿಟ್ಟರೆ ಸಾಕು, ಢಮಾರ್!

ಅಂದಿನಿಂದ ಬಿಡುವಾದಾಗಲೆಲ್ಲ, ಶಾಲೆಗೆ ರಜೆ ಬಂದ ಮೇಲಂತೂ ದಿನವಿಡೀ, ಅಂಗಳದಲ್ಲಿ ಕೂತು ಅದನ್ನು ಬಿಚ್ಚುವುದು, ಕಟ್ಟುವುದು, ತಿರುವುವುದು, ಢಮಾರ್. ಆಲ್ಡರ್ ಬೇ ಊರಿನ ನಾಯಿಗಳೆಲ್ಲ ಮಂಚದಡಿ ಸೇರಿದವು. ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹೆಂಡತಿ ಲೊರೆಟ್ಟಾ ಪ್ಯಾನ್‌ಕೇಕ್ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ಡೆಲ್ಬರ್ಟ್, ರಾತ್ರಿ ಊಟದೊಳಗೆ ಆ ದರಿದ್ರ ಸದ್ದು ನಿಲ್ಬೇಕು. ಇಲ್ದಿದ್ರೆ ಗಾಡಿ ಕರ್ಟ್‌ಗೆ."

"ನಾಳೆ ಸವಾರಿ ಇದೆಯಲ್ಲೇ! ವರ್ಷಕ್ಕೊಂದೇ ಸಲ ಎಲ್ರೂ ಸೇರಿ ಸರೋವರದ ದಂಡೆಗುಂಟ ಹೋಗೋದು..."

"ಸದ್ದು ನಿಂತ್ರೆ ಹೋಗು. ನಾನ್ಯಾಕೆ ಬೇಡ ಅನ್ಲಿ?"

ಕರ್ಟ್ ಎಂದರೆ ಲೊರೆಟ್ಟಾಳ ತಮ್ಮ. ಅದೇ ಮೇಜಿನಲ್ಲಿ ಕೂತು, ಭಾವನ ಪಾಲಿನ ಸಿರಪ್ಪನ್ನೂ ತನ್ನ ತಟ್ಟೆಗೆ ಸುರಿದುಕೊಳ್ಳುತ್ತ, ಕಿಟಕಿಯಾಚೆಯ ಗಾಡಿಯನ್ನು ಕಟುಕ ಕುರಿ ನೋಡಿದ ಹಾಗೆ ನೋಡುತ್ತಿದ್ದ. ಆ ಮನೆಯಲ್ಲಿ ಈಗ ಅವನದೇ ದರ್ಬಾರು. ಕಾರಣ, ಗೂಬೆ. ಹಿತ್ತಲಿನ ಚೆರಿ ಮರದ ಹಣ್ಣನ್ನು ಪ್ರತಿವರ್ಷ ಹಕ್ಕಿಗಳು ಅರ್ಧಕ್ಕರ್ಧ ತಿಂದು ಮುಗಿಸುತ್ತಿದ್ದವು. ಈ ವಸಂತದಲ್ಲಿ ಕರ್ಟ್ ಒಂದು ಪ್ಲಾಸ್ಟಿಕ್ ಗೂಬೆ ತಂದು ಕೊಂಬೆಗೆ ಕಟ್ಟಿದ್ದ. ಈ ಸಲ ಒಂದು ಹಕ್ಕಿಯೂ ಆ ಕಡೆ ಸುಳಿದಿರಲಿಲ್ಲ. ಇನ್ನೊಂದು ವಾರಕ್ಕೆ ಹಣ್ಣು ಕೊಯ್ದು, ಚರ್ಚಿನ ಊಟಕ್ಕೆ ಊರೇ ಬಾಯಿ ಚಪ್ಪರಿಸುವಂತೆ ಸಿಹಿ ಪೈ ಮಾಡುತ್ತೇನೆಂದು ಲೊರೆಟ್ಟಾ ಎಲ್ಲರಿಗೂ ಸಾರಿಬಿಟ್ಟಿದ್ದಳು.

"ನೋಡು, ನನ್ನ ತಮ್ಮ ಒಂದು ಗೂಬೆ ತಂದ, ಮನೆಗೆ ಉಪಕಾರ ಆಯ್ತು. ನೀನು ಒಂದು ಕೊಳವೆ ತಂದೆ!"

ಡೆಲ್ಬರ್ಟ್ ಪ್ಯಾನ್‌ಕೇಕ್ ಬಿಟ್ಟು ಎದ್ದ. ಬೇಲಿಯಾಚೆ ಪಕ್ಕದ ಮನೆಯ ಗಾರ್ಡಿ ಕಾಯುತ್ತಲೇ ಇದ್ದ. ಪರರ ಕಷ್ಟ ಎಂದರೆ ಗಾರ್ಡಿಗೆ ಊಟಕ್ಕಿಂತ ರುಚಿ.

"ಅಲ್ಲಯ್ಯಾ, ಹೊಗೆ ಸಲೀಸಾಗಿ ಹೊರಗೆ ಹೋಗ್ತಿದೆ, ಒಳಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೊಟ್ಟೆಗಿಲ್ದೆ ಇಂಜಿನ್ ಬಡ್ಕೊಳ್ತಿದೆ. ಪೆಟ್ರೋಲ್ ಅಳೆದು ಕೊಡೋ ಪೆಟ್ಟಿಗೆ ಹಾಕ್ಸು. ನಡಿ, ನಾನೂ ಬರ್ತೀನಿ."

"ನಾನೂ ಬರ್ತೀನಿ ಭಾವ," ಎಂದ ಕರ್ಟ್. "ನಾಳೆ ನಂದಾಗೋ ಗಾಡಿಗೆ ಏನ್ ಹಾಕ್ತಾರೆ ಅಂತ ನೋಡ್ಬೇಡ್ವಾ?"

ಮೋಟಾರ್‌ಸೈಕಲ್ ಬಿಡಿಭಾಗದ ಅಂಗಡಿಯ ಒಡತಿ ಟ್ರೂಡಿ ಮೂರು ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಳು. "ಇದು ತಿರುಪಿಂದು, ಸದ್ದು ಕೇಳ್ತಾ ತಿರುಗಿಸ್ತಾ ಹೋಗ್ಬೇಕು. ಇದು ಕಂಪ್ಯೂಟರಿಗೆ ಸಿಕ್ಸಿ ಲೆಕ್ಕ ತುಂಬೋದು. ಇದು ಸೈಲೆನ್ಸರ್ ಒಳಗೆ ಮೂಗು ಇಟ್ಟು, ಹೊಗೆ ಮೂಸಿ ಮೂಸಿ, ಎಷ್ಟು ಪೆಟ್ರೋಲ್ ಬೇಕು ಅಂತ ತಾನೇ ಕಲಿಯುತ್ತೆ."

"ತಿರುಪಿಂದೇ ತಗೋ," ಎಂದ ಗಾರ್ಡಿ. "ಸದ್ದು ಕೇಳೋಕೆ ನಾನಿದೀನಿ."

"ನಿನ್ನ ಕಿವಿಗೇ ಮಿಷನ್ ಇದೆಯಲ್ಲೋ ಮಾರಾಯ!" ಎಂದ ಡೆಲ್ಬರ್ಟ್.

"ಹಾಂ?" ಎಂದ ಗಾರ್ಡಿ.

ಕೈಗವಸು ಕೊಳ್ಳಲು ಬಂದಿದ್ದ ಗಡ್ಡದವನೊಬ್ಬ ಕೇಳದೆಯೇ ಬಾಯಿ ಹಾಕಿದ. "ತಾನೇ ಕಲಿಯೋದು ಮಾತ್ರ ಬೇಡಪ್ಪ. ನನ್ ಮಗನೂ ತಾನೇ ಕಲೀತೀನಿ ಅಂದಿದ್ದ. ಇನ್ನೂ ಕಲೀತಾನೇ ಇದಾನೆ, ನನ್ ಮನೇಲೇ."

"ಯಾವ್ದೂ ಬೇಡ ಭಾವ," ಎಂದ ಕರ್ಟ್. "ನಂಗೆ ಈ ಸದ್ದೇ ಇಷ್ಟ."

ಡೆಲ್ಬರ್ಟನಿಗೆ ಅಳು ಬರುವುದೊಂದು ಬಾಕಿ. ಒಬ್ಬ ಹಾ ಎಂದದ್ದಕ್ಕೆ ಇನ್ನೊಬ್ಬ ಹೂ ಎನ್ನುತ್ತಿಲ್ಲ. ಕೊನೆಗೆ ದೀನನಾಗಿ ಕೇಳಿದ, "ಟ್ರೂಡಿ, ನಿನ್ ಗಾಡಿಗೆ ಯಾವ್ದು ಹಾಕಿದೀಯ?"

"ನಾನಾ? ಕಂಪನಿ ಸೈಲೆನ್ಸರ್ ಮುಟ್ಟಿಯೇ ಇಲ್ಲಪ್ಪ."

ಡೆಲ್ಬರ್ಟ್ ಕಣ್ಣು ಮುಚ್ಚಿ ಬೆರಳಿಟ್ಟ. ಬೆರಳು ಬಿದ್ದದ್ದು ತಾನೇ ಕಲಿಯುವ ಪೆಟ್ಟಿಗೆಯ ಮೇಲೆ.

"ಜೋಡಿಸಿ ಕೊಡ್ತೀನಿ. ಸಾಯಂಕಾಲದ ತನಕ ಓಡ್ಸು. ಮೊದಮೊದಲು ಸ್ವಲ್ಪ ಕಿರಿಕ್ ಮಾಡುತ್ತೆ, ಹೆದರ್ಬೇಡ," ಎಂದಳು ಟ್ರೂಡಿ.

ಸ್ವಲ್ಪವೇ? ಕಲಿಯುವ ಹುರುಪಿನಲ್ಲಿ ಅದು ಹೆಜ್ಜೆಹೆಜ್ಜೆಗೂ ಸಿಡಿಯಿತು. ಚರ್ಚಿನಲ್ಲಿ ಮದುವೆ ನಡೆಯುತ್ತಿತ್ತು, ಸೆಕೆಗೆ ಬಾಗಿಲು ತೆರೆದಿಟ್ಟಿದ್ದರು. "ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿ" ಎಂದು ಪಾದ್ರಿ ಕೇಳುವುದಕ್ಕೂ, ಹೊರಗೆ ಡೆಲ್ಬರ್ಟ್ ಆಕ್ಸಿಲರೇಟರ್ ಬಿಡುವುದಕ್ಕೂ ಸರಿಹೋಯಿತು. ವರ ಬೆಂಚಿನಡಿ ಕೂತ. ವಧುವಿನ ಚಿಕ್ಕಮ್ಮ ಟೋಪಿ ಹಿಡಿದುಕೊಂಡು ರಸ್ತೆಯ ತಿರುವಿನ ತನಕ ಬೈಯುತ್ತ ಓಡಿ ಬಂದಳು.

ಊರಾಚೆಯ ಹಾಲಿನ ಫಾರ್ಮುಗಳ ನಡುವೆ ಡೆಲ್ಬರ್ಟ್ ಸುತ್ತಿದ, ಸುತ್ತಿದ. ಹಸುಗಳು ಬೇಲಿ ಬಿಟ್ಟು ದೂರ ಓಡಿದವು. "ಕಲಿಯೋ ನನ್ನಪ್ಪಾ, ಕಲಿ," ಎಂದು ಪೆಟ್ಟಿಗೆಗೆ ಗೋಗರೆದ. ಬಸ್ಸಿನ ಹುಡುಗರನ್ನೂ ಅವನು ಅಷ್ಟು ಬೇಡಿಕೊಂಡವನಲ್ಲ. ಗಾಡಿ ಇಲ್ಲದ ನಾಳೆಯನ್ನು ನೆನೆದು ಇನ್ನೊಂದು ಸುತ್ತು ಹೊಡೆದ. ಆದರೆ ಬಿಸಿಲು ಇಳಿಯುವ ಹೊತ್ತಿಗೆ ಪವಾಡವೇ ನಡೆಯಿತು. ಆಕ್ಸಿಲರೇಟರ್ ಬಿಟ್ಟ. ಏನೂ ಇಲ್ಲ! ಮತ್ತೆ ತಿರುವಿ ಬಿಟ್ಟ. ಗುಡುಗುಡು ಮಾತ್ರ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ.

ಲೊರೆಟ್ಟಾ ಬಾಗಿಲಲ್ಲೇ ಅವನ ಕೆನ್ನೆ ಸವರಿದಳು. "ನೀನು ಬಂದಿದ್ದೇ ಗೊತ್ತಾಗ್ಲಿಲ್ಲ ಕಣೋ! ನಾಳೆ ಸವಾರಿಗೆ ಸ್ಯಾಂಡ್‌ವಿಚ್ ಕಟ್ಟಿಕೊಡ್ತೀನಿ." ಕರ್ಟನ ಮುಖ ಹುಳಿ ಹಾಲಿನಂತಾಯಿತು. ಡೆಲ್ಬರ್ಟ್ ಊಟಕ್ಕೆ ಕೂತು ಬಾಯಿಗೆ ಸಾಸೇಜ್ ಇಟ್ಟ. ಎಷ್ಟೋ ತಿಂಗಳ ಮೇಲೆ ಅವನಿಗೆ ಅನ್ನದ ರುಚಿ ಹತ್ತಿತ್ತು.

ಅಷ್ಟರಲ್ಲಿ ಲೊರೆಟ್ಟಾ ಕಿಟಕಿಯತ್ತ ನೋಡಿ ಚೀರಿದಳು.

ಚೆರಿ ಮರದ ತುಂಬ ಹಕ್ಕಿಗಳು! ಮರವೇ ಅಲ್ಲಾಡುತ್ತಿತ್ತು. ಒಂದು ರಾಬಿನ್ ಹಕ್ಕಿ ಗೂಬೆಯ ತಲೆಯ ಮೇಲೇ ಕೂತು ನೆಮ್ಮದಿಯಾಗಿ ಹಣ್ಣು ಕುಕ್ಕುತ್ತಿತ್ತು. ಲೊರೆಟ್ಟಾ ಬಾಣಲೆ ಬಡಿದಳು. ಹಕ್ಕಿಗಳು ಎದ್ದಂತೆ ಮಾಡಿ ಮತ್ತೆ ಕೂತವು.

"ಗೂಬೆ ಸ್ವಲ್ಪ ಓರೆಯಾಗಿರ್ಬೇಕಕ್ಕಾ," ಎಂದ ಕರ್ಟ್.

"ಬಾಯ್ಮುಚ್ಚೋ! ಡೆಲ್ಬರ್ಟ್, ಗಾಡಿ ತಿರುವು!"

ಡೆಲ್ಬರ್ಟ್ ಓಡಿಹೋಗಿ ಗಾಡಿಯನ್ನು ಮರದಡಿಗೆ ತಳ್ಳಿ ತಿರುವಿದ, ಬಿಟ್ಟ. ಗುಡುಗುಡು. ಒಂದು ಹಕ್ಕಿಯೂ ಕತ್ತೆತ್ತಲಿಲ್ಲ. ಲೊರೆಟ್ಟಾ ಗೂಬೆಯನ್ನು ನೋಡಿದಳು, ಗಾಡಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಇಷ್ಟು ದಿನ ಮರ ಕಾದದ್ದು ಯಾರು ಎಂಬುದು ಮೂವರಿಗೂ ಒಟ್ಟಿಗೇ ಹೊಳೆಯಿತು.

"ಆ ಪೆಟ್ಟಿಗೆ ಬಿಚ್ಚು," ಎಂದಳು ಲೊರೆಟ್ಟಾ.

"ಅಯ್ಯೋ, ಹಕ್ಕಿ ಬಂದ್ರೆ ನಾನೇನ್ ಮಾಡ್ಲೇ? ನನ್ ಮೇಲ್ಯಾಕೆ ಗೂಬೆ ಕೂರಿಸ್ತೀಯ?"

"ಬಿಚ್ಚು ಅಂದೆ!"

ಬಿಚ್ಚಿದ. ತಿರುವಿ ಬಿಟ್ಟ. ಢಮಾರ್! ಮರ ಒಮ್ಮೆಗೇ ಖಾಲಿಯಾಯಿತು. ಲೊರೆಟ್ಟಾಳ ಕಣ್ಣಲ್ಲಿ ನೀರೇ ಬಂತು. "ಎಂಥಾ ಚೆಂದದ ಸದ್ದು!" ಎಂದಳು.

"ಹಾಗಾದ್ರೆ ನಾಳೆ ಸವಾರಿ..."

"ಹಣ್ಣು ಬುಟ್ಟಿ ಸೇರೋ ತನಕ ಗಾಡಿ ಈ ಮರದಡಿಯಿಂದ ಕದಲಿದ್ರೆ, ಕರ್ಟ್‌ಗೆ."

ಭಾನುವಾರ ಬೆಳಿಗ್ಗೆ ಊರಿನ ಮೋಟಾರ್‌ಸೈಕಲ್ಲುಗಳೆಲ್ಲ ಸಾಲಾಗಿ ಸರೋವರದ ಕಡೆ ಹೊರಟವು. ಡೆಲ್ಬರ್ಟ್ ಹೆಲ್ಮೆಟ್ ತೊಟ್ಟು, ಕಟ್ಟಿಕೊಟ್ಟ ಸ್ಯಾಂಡ್‌ವಿಚ್ಚನ್ನು ಜೇಬಿನಲ್ಲಿಟ್ಟುಕೊಂಡು, ಚೆರಿ ಮರದಡಿ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಬೆರ್ಚಪ್ಪನ ಹಾಗೆ ಕೂತಿದ್ದ. ಕೆಲಸಕ್ಕೆ ಬಾರದ ಗೂಬೆಯನ್ನು ಲೊರೆಟ್ಟಾ ಮರದಿಂದ ಇಳಿಸಿ, "ಇಬ್ರೂ ಕಾಯ್ಕೊಂಡು ಬಿದ್ದಿರಿ" ಎಂದು ಅವನ ಹಿಂದಿನ ಸೀಟಿಗೆ ಕಟ್ಟಿದ್ದಳು.

ಗಾರ್ಡಿ ಗಾಡಿ ನಿಧಾನಿಸಿ ಬೇಲಿಯಾಚೆಯಿಂದ ಕೂಗಿದ, "ಡೆಲ್ಬರ್ಟ್, ಬರಲ್ವೇನಯ್ಯಾ? ಹಿಂದೆ ಯಾರದು, ನಿನ್ನ ಭಾವಮೈದನಾ?"

ಡೆಲ್ಬರ್ಟ್ ಹೆಲ್ಮೆಟ್ಟಿನ ಗಾಜು ಇಳಿಸಿದ. ಆಕ್ಸಿಲರೇಟರ್ ಪೂರ್ತಿ ತಿರುವಿದ, ಬಿಟ್ಟ.