ಕನ್ನಡ ಬಾರದ ಅಧ್ಯಕ್ಷರು ಬೇಕಾಗಿದ್ದಾರೆ

ಇಂದ:
ವಿಜಯಲಕ್ಷ್ಮೀ ಸೂರ್ಯಪ್ರಕಾಶ,
ಗೌರವ ಕಾರ್ಯದರ್ಶಿ, ಪೂರ್ವತೀರ ಕನ್ನಡ ಸಂಘ (ನೋಂದಾಯಿತ),
ಎಂವಿಪಿ ಕಾಲೋನಿ, ವಿಶಾಖಪಟ್ಟಣ.

ಗೆ:
ಮಹಾಪ್ರಬಂಧಕರು,
ಸಿಬ್ಬಂದಿ ವಿಭಾಗ (ವರ್ಗಾವಣೆ),
ಬ್ಯಾಂಕಿನ ಪ್ರಧಾನ ಕಚೇರಿ, ಬೆಂಗಳೂರು.

ದಿನಾಂಕ: 14 ಜೂನ್ 1994

ವಿಷಯ: ತಮ್ಮ ಬ್ಯಾಂಕಿನ ವಿಶಾಖಪಟ್ಟಣ ಶಾಖೆಗೆ, ತನ್ಮೂಲಕ ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ, ಕನ್ನಡ ಬಾರದ ಒಬ್ಬ ಮ್ಯಾನೇಜರನ್ನು ಕಳುಹಿಸಿಕೊಡುವ ಬಗ್ಗೆ.

ಉಲ್ಲೇಖ: 1. ಶಾಖೆಯ ಮ್ಯಾನೇಜರ್ ಶ್ರೀ ದುರ್ಗಾಪ್ರಸಾದ್ ಅವರನ್ನು ವಿಜಯವಾಡಕ್ಕೆ ವರ್ಗಾಯಿಸಿರುವ ತಮ್ಮ ಆದೇಶ.
2. ಸಂಘದ ನಿಯಮಾವಳಿ, ಒಂಬತ್ತನೆಯ ಕಲಮು.
3. ಅರ್ಜಿದಾರಳ ಪತಿ ಶ್ರೀ ಸೂರ್ಯಪ್ರಕಾಶ ಅವರು ದೋಸೆ ತಿನ್ನುತ್ತಾ ನೀಡಿದ ಮೌಖಿಕ ಸಲಹೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ಮೊದಲು ತರಬಯಸುವುದೇನೆಂದರೆ, ವಿಷಯದಲ್ಲಿ ಬರವಣಿಗೆಯ ತಪ್ಪು ಆಗಿಲ್ಲ. ಕನ್ನಡ ಬಾರದವರೇ ಬೇಕು. ಕಾರಣಗಳನ್ನು ಕೆಳಗೆ ಕ್ರಮವಾಗಿ ನಿವೇದಿಸಿದೆ. ಕ್ರಮ ಅಲ್ಲಲ್ಲಿ ತಪ್ಪಿದ್ದರೆ, ಅರ್ಜಿದಾರಳು ಒಲೆಯ ಮೇಲೆ ಸಾರಿಟ್ಟು ಬರೆಯುತ್ತಿರುವುದೇ ಅದಕ್ಕೆ ಕಾರಣವೆಂದು ಭಾವಿಸಿ ಮನ್ನಿಸತಕ್ಕದ್ದು.

1. ಅರ್ಜಿದಾರಳು ಮೂಲತಃ ಅರಸೀಕೆರೆಯವಳು. ಪತಿ ಇಲ್ಲಿನ ಬಂದರಿನ ಕಚೇರಿಯಲ್ಲಿ ನೌಕರರು. ಬ್ಯಾಂಕಿನವರಿಗೆ ವರ್ಗವುಂಟು, ನೌಕಾದಳದವರಿಗೆ ವರ್ಗವುಂಟು, ಬಂದರಿನವರಿಗೆ ಮಾತ್ರ ಇಲ್ಲ, ಏಕೆಂದರೆ ಬಂದರು ಸಮುದ್ರವನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಆದ್ದರಿಂದ ಸಂಘದಲ್ಲಿ ಊರು ಬಿಡದವರು ಯಾರು ಎಂದು ಹುಡುಕಿದಾಗ ಅರ್ಜಿದಾರಳು ಒಬ್ಬಳೇ ಸಿಕ್ಕಿದಳು. ಕಾರ್ಯದರ್ಶಿ ಸ್ಥಾನ ಅಂದು ಕೊರಳಿಗೆ ಬಿದ್ದದ್ದು ಇಂದಿಗೂ ಇಳಿದಿಲ್ಲ. ವರ್ಗವಾದ ಕುಟುಂಬವನ್ನು ರೈಲ್ವೇ ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟು, ಕೈಗೆ ಪುಳಿಯೋಗರೆ ಪೊಟ್ಟಣ ಕೊಡುವುದು ಸಂಘದ ಪದ್ಧತಿ. ಮೊದಲೆಲ್ಲಾ ಆ ಪೊಟ್ಟಣವನ್ನು ಯಾರ ಮನೆಯಲ್ಲಿ ಕಟ್ಟಬೇಕೆಂದು ಪೈಪೋಟಿ ಇರುತ್ತಿತ್ತು. ಈಗ ರೈಲು ಹತ್ತುವವರು ಸಿಗುತ್ತಾರೆ, ಪ್ಲಾಟ್‌ಫಾರಮ್ಮಿನಲ್ಲಿ ಉಳಿದು ಕೈಬೀಸುವವರು ಸಿಗುವುದಿಲ್ಲ.

2. ಒಂಬತ್ತನೆಯ ಕಲಮಿನ ವಿಚಾರ. ಸಂಘ ಹುಟ್ಟಿದ ಹೊಸತರಲ್ಲಿ ಅಧ್ಯಕ್ಷರು ಯಾರಾಗಬೇಕೆಂಬ ವಿಷಯದಲ್ಲಿ ಧಾರವಾಡದ ಕಡೆಯವರಿಗೂ ಮೈಸೂರು ಕಡೆಯವರಿಗೂ ಮಾತಿಗೆ ಮಾತು ಬೆಳೆದು, ಯುಗಾದಿಯ ಒಬ್ಬಟ್ಟು ತಟ್ಟೆಯಲ್ಲೇ ಆರಿಹೋಯಿತಂತೆ. ಆಗ ತಮ್ಮ ಶಾಖೆಯ ಮ್ಯಾನೇಜರಾಗಿದ್ದ ತುಮಕೂರಿನ ದೊಡ್ಡಯ್ಯನವರು ಜಗಳ ಬಗೆಹರಿಯಲೆಂದು ಒಂದು ಕಲಮು ಬರೆಸಿದರು. ಶಾಖೆಯ ಮ್ಯಾನೇಜರ್ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರೇ ಪದನಿಮಿತ್ತ ಸಂಘದ ಅಧ್ಯಕ್ಷರು. ನಾಳೆ ಕನ್ನಡದವರಲ್ಲದ ಮ್ಯಾನೇಜರ್ ಬಂದರೆ ಏನು ಗತಿ ಎಂದು ಯಾರೋ ಕೇಳಿದ್ದಕ್ಕೆ, ದೊಡ್ಡಯ್ಯನವರು, "ನಮ್ ಬ್ಯಾಂಕ್ನಾಗೆ ಕನ್ನಡ ಬರ್ದಿರೋ ಮ್ಯಾನೇಜರು ಎಲ್ಲಿಂದ ಬರ್ತಾನ್ರೀ? ಸುಮ್ಕೆ ಒಬ್ಬಟ್ಟು ತಿನ್ನಿ" ಎಂದರಂತೆ. ಎಲ್ಲರೂ ತಿಂದರು. ಕಲಮು ಉಳಿಯಿತು.

3. ಆ ಮೇಲೆ ಕಾಲ ಬದಲಾಯಿತು. ತಮ್ಮ ಬ್ಯಾಂಕು ಆಂಧ್ರದ ಶಾಖೆಗಳಿಗೆ ಆಂಧ್ರದಲ್ಲೇ ಜನರನ್ನು ತೆಗೆದುಕೊಳ್ಳತೊಡಗಿತು. ಇದು ನ್ಯಾಯವೇ, ದೂರಲ್ಲ. ನೌಕಾದಳದ ಕುಟುಂಬಗಳು ಪಾತ್ರೆ ಜೋಡಿಸಿಡುವಷ್ಟರಲ್ಲಿ ಮತ್ತೆ ಗಂಟು ಕಟ್ಟುತ್ತವೆ. ಉಕ್ಕಿನ ಕಾರ್ಖಾನೆ ಬಂದು ಗಾಜುವಾಕದಲ್ಲಿ ಬಾಡಿಗೆ ಮನೆ ಸಿಗದಷ್ಟು ಜನ ತುಂಬಿದಾಗ ಅರ್ಜಿದಾರಳು ಬಹಳ ಆಸೆಯಿಂದ ಸದಸ್ಯತ್ವದ ರಸೀದಿ ಪುಸ್ತಕ ಹಿಡಿದು ಆಟೋದಲ್ಲಿ ಹೋಗಿ ಬಾಗಿಲು ಬಾಗಿಲು ತಟ್ಟಿದಳು. ಒರಿಯಾ ಮನೆಯಲ್ಲಿ ನೀರು ಕೊಟ್ಟರು, ಬಿಹಾರದವರ ಮನೆಯಲ್ಲಿ ಚಹಾ ಕೊಟ್ಟರು. ಕನ್ನಡದ ಮನೆ ಸಿಕ್ಕಿದ್ದು ಭದ್ರಾವತಿಯಿಂದ ಬಂದ ಫಿಟ್ಟರ್ ಶಂಕರ ಅವರದೊಂದೇ. ಅವರನ್ನು ಅಲ್ಲೇ ಕೋಶಾಧ್ಯಕ್ಷರನ್ನಾಗಿ ಮಾಡಿ, ಅವರ ತಾಯಿ ಪುಟ್ಟಮ್ಮನವರನ್ನು ಮಕ್ಕಳ ಕನ್ನಡ ಪಾಠಕ್ಕೆ ಒಪ್ಪಿಸಿ ಬಂದದ್ದಾಯಿತು.

4. ಇನ್ನು ಇಲ್ಲೇ ಹುಟ್ಟಿದ ಮಕ್ಕಳು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಅಮ್ಮ ಬೈಯುವಾಗ ಮಾತ್ರ ಕನ್ನಡ. ಹದಿನಾಲ್ಕು ವರ್ಷದ ಮಗಳು ಶುಭಾ ಒಂದು ಯುಗಾದಿಗೆ ಸಂಘದಲ್ಲಿ ನಾಲ್ಕು ಮಾತು ಆಡಲು ನಿಂತು, ಅರ್ಧ ತೆಲುಗು ಅರ್ಧ ಕನ್ನಡ ಆಡಿದಾಗ ದೊಡ್ಡವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಕ್ಕವರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ಅಂದಿನಿಂದ ಸಂಘ ಎಂದರೆ ಸಾಕು, ಅವಳಿಗೆ ತಲೆನೋವು. "ನಾನು ರಾನಮ್ಮಾ. ಅಲ್ಲಿ ಅಂದರೂ ನನ್ನ ನೋಡಿ ನಗ್ತಾರು" ಎಂದು ಬಾಗಿಲು ಹಾಕಿಕೊಳ್ಳುವಳು. ರಾನು ಎಂದರೆ ಬರುವುದಿಲ್ಲ, ಅಂದರೂ ಎಂದರೆ ಎಲ್ಲರೂ. ಮಗಳು ಯಾವ ಭಾಷೆಯಲ್ಲಿ ಮಾತಾಡಿದರೂ ಮಗಳೇ. ಆದರೂ ಅರಸೀಕೆರೆಯಿಂದ ಅಜ್ಜಿಯ ಫೋನು ಬಂದಾಗ ಅವಳು "ಹ್ಞೂಂ", "ಊಹೂಂ" ಎಂದಷ್ಟೇ ಹೇಳಿ ರಿಸೀವರು ತಾಯಿಯ ಕೈಗಿಡುತ್ತಿದ್ದಳು; ಉಳಿದ ಮಾತನ್ನು ಮಗಳ ಪರವಾಗಿ ಅರ್ಜಿದಾರಳೇ ಆಡಿ ಮುಗಿಸುತ್ತಿದ್ದಳು. ಉಳಿದ ಮನೆಗಳಲ್ಲೂ ಇದೇ ಕಥೆ. ಮಕ್ಕಳು ಬಾರದ ಮೇಲೆ, ದೊಡ್ಡವರು ವರ್ಗವಾಗಿ ಹೋದ ಮೇಲೆ, ಸಂಘದಲ್ಲಿ ಉಳಿಯುವುದು ಜಮಖಾನ ಮಾತ್ರ.

5. ಇಂತಹ ಸಮಯದಲ್ಲಿ ಶ್ರೀ ದುರ್ಗಾಪ್ರಸಾದ್ ಅವರು ಶಾಖೆಗೆ ಬಂದರು. ಊರು ವಿಜಯವಾಡ, ಮಾತು ತೆಲುಗು, ಕನ್ನಡ ಸೊನ್ನೆ. ಅರ್ಜಿದಾರಳು ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಅವರ ಪರವಾಗಿ ತಾನೇ ಬರೆದಿಟ್ಟ ರಾಜೀನಾಮೆ ಪತ್ರ ಹಿಡಿದು ಬ್ಯಾಂಕಿಗೆ ಹೋದಳು. ಒಂದು ಸಹಿ ಹಾಕಿದರೆ ಅವರಿಗೂ ಕಷ್ಟವಿಲ್ಲ, ನಮಗೂ ಇಲ್ಲ ಎಂದು ತೆಲುಗಿನಲ್ಲೇ ಬಿಡಿಸಿ ಹೇಳಿದಳು. ಅವರು ಹಾರ ತೆಗೆದುಕೊಂಡರು, ರಾಜೀನಾಮೆ ತೆಗೆದುಕೊಳ್ಳಲಿಲ್ಲ. ಮ್ಯಾನೇಜರ್ ಬದಲಾದಾಗ ಸ್ಟ್ರಾಂಗ್ ರೂಮಿನ ಕೀಲಿ, ಮೊಹರು, ಗೋಡೆ ಗಡಿಯಾರ ಎಲ್ಲವನ್ನೂ ಬರೆದು ಚಾರ್ಜು ಒಪ್ಪಿಸುವುದು ತಮ್ಮಲ್ಲಿ ಪದ್ಧತಿಯಷ್ಟೆ. ಹಿಂದಿನ ಮ್ಯಾನೇಜರು ಗೋಡೆ ಗಡಿಯಾರದ ಕೆಳಗೆ 'ಕನ್ನಡ ಸಂಘದ ಅಧ್ಯಕ್ಷತೆ, ಒಂದು' ಎಂದು ಬರೆದಿದ್ದರು. ದುರ್ಗಾಪ್ರಸಾದರು ಅದಕ್ಕೂ ಸಹಿ ಹಾಕಿಬಿಟ್ಟಿದ್ದರು. "ಚಾರ್ಜು ತೆಗೆದುಕೊಂಡ ಮೇಲೆ ಮುಂದಿನವರಿಗೆ ಒಪ್ಪಿಸಬೇಕೇ ಹೊರತು ದಾರಿಯಲ್ಲಿ ಬಿಟ್ಟು ಹೋಗೋದು ಕುದರದಮ್ಮಾ" ಎಂದು ತೆಲುಗಿನಲ್ಲಿ ಹೇಳಿ, ಕಾಫಿ ತರಿಸಿದರು.

6. ರಾಜ್ಯೋತ್ಸವಕ್ಕೆ ಅವರು ಭಾಷಣವನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಬಂದರು. "ನಮಸ್ಕಾರಮಂಡಿ. ನನಗೆ ಕನ್ನಡ ಬರೊಲ್ಲ. ನೀವು ನಗಿರಿ, ಪರವಾಲೇದು, ಆದರೆ ನಕ್ಕಮೇಲೆ ಹೇಳಿಕೊಡಿರಿ" ಎಂದರು. ಸಭೆ ನಕ್ಕಿತು. ಅವರು ಮುಂದಿನ ಸಾಲಿನಲ್ಲಿದ್ದ ಶಂಕರ ಅವರ ಮಗನನ್ನು ಕರೆದು, ಮುಂದಿನ ಮಾತು ಹೇಗೆ ಹೇಳಬೇಕೆಂದು ಕೇಳಿದರು. ಅವನು ಹೇಳಿದ್ದೂ ತಪ್ಪು. ಇಬ್ಬರೂ ಸೇರಿ ತಪ್ಪು ತಪ್ಪಾಗಿ ಭಾಷಣ ಮುಗಿಸಿದರು. ಒಬ್ಬರ ಮೇಲೆ ಬೀಳುವ ನಗೆಗೂ ಇಬ್ಬರ ಮೇಲೆ ಬೀಳುವ ನಗೆಗೂ ಎಷ್ಟು ವ್ಯತ್ಯಾಸವಿದೆ ಎಂಬುದು ಅರ್ಜಿದಾರಳಿಗೆ ಅಂದು ತಿಳಿಯಿತು.

ಸುದ್ದಿ ಮನೆಗೆ ಬಂತು. ಶುಭಾ ಕೋಣೆಯಿಂದ ತಲೆ ಹಾಕಿ, "ಪ್ರೆಸಿಡೆಂಟ್ ಅಂಕಲ್‌ಗೆ ನನಗಿಂತ ತಕ್ಕುವ ಬರುತ್ತಾ?" ಎಂದು ಕೇಳಿದಳು. ತಕ್ಕುವ ಎಂದರೆ ಕಮ್ಮಿ. ಬಹಳ ತಕ್ಕುವ ಎಂದು ತಾಯಿ ಭರವಸೆ ಕೊಟ್ಟಳು. ಪುಟ್ಟಮ್ಮನವರ ಭಾನುವಾರದ ಪಾಠಕ್ಕೆ ಅಧ್ಯಕ್ಷರೂ ಬರುತ್ತಾರೆಂದು ಕೇಳಿ ಶುಭಾ ಕಣ್ಣಾರೆ ನೋಡಲು ಹೋದಳು. ನೋಡಿದರೆ ಬ್ಯಾಂಕ್ ಮ್ಯಾನೇಜರು ಚಪ್ಪಲಿ ಕಳಚಿ, ಮಕ್ಕಳ ಜೊತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪುಟ್ಟಮ್ಮನವರಿಂದ ಬೈಸಿಕೊಳ್ಳುತ್ತಿದ್ದರು. "ಏನ್ ಸ್ವಾಮಿ, ಹೋದ್ವಾರ ಹೇಳ್ಕೊಟ್ಟಿದ್ದು ಎಲ್ಲೋಯ್ತು? ಬ್ಯಾಂಕ್ನಾಗೆ ಬಿಟ್‌ಬಂದ್ರಾ?" ಎಂದು ಅಜ್ಜಿ ಗದರಿದರೆ ಅಧ್ಯಕ್ಷರು ತಲೆ ತಗ್ಗಿಸಿದ್ದರು. ಶುಭಾ ಪಕ್ಕದಲ್ಲಿ ಕೂತು ಮೆಲ್ಲಗೆ ಉತ್ತರ ಹೇಳಿಕೊಟ್ಟಳು. ಮುಂದಿನ ಭಾನುವಾರ ಅಧ್ಯಕ್ಷರನ್ನು ಸೋಲಿಸಲೆಂದೇ ಮಕ್ಕಳು ಬಂದರು. ಚಾಪೆ ಸಾಲದೆ ಅರ್ಜಿದಾರಳ ಮನೆಯ ಚಾಪೆಯೂ ಹೋಯಿತು. ಈ ಬಾರಿಯ ರಾಜ್ಯೋತ್ಸವಕ್ಕೆ ನಿರೂಪಣೆ ತಾನೇ ಮಾಡುವುದಾಗಿ ಶುಭಾ ಯಾರೂ ಕೇಳದೆ ಹೇಳಿದಳು. ಅಂದು ಅರ್ಜಿದಾರಳು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು. ಇದನ್ನು ಕಡತಕ್ಕೆ ಸೇರಿಸುವ ಅಗತ್ಯವಿಲ್ಲ.

7. ಹೀಗಿರಲಾಗಿ ಉಲ್ಲೇಖ ಒಂದರ ಆದೇಶ ಬಂತು. ಅದನ್ನು ರದ್ದುಪಡಿಸಬೇಕೆಂದು ಬರೆಯಲು ಅರ್ಜಿದಾರಳು ಕೂತಿದ್ದು ನಿಜ. ಆದರೆ ದುರ್ಗಾಪ್ರಸಾದರ ಪತ್ನಿ ವಿಜಯವಾಡದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಗಂಡ ಒಂದು ಊರು, ಹೆಂಡತಿ ಒಂದು ಊರಾಗಿ ವರ್ಷಗಳಿಂದ ಶನಿವಾರದ ರೈಲಿನಲ್ಲಿ ಸಂಸಾರ ಮಾಡಿದ್ದಾರೆ. ವರ್ಗವನ್ನು ಅವರೇ ಬೇಡಿ ಪಡೆದದ್ದು. ಹೋಗಬೇಡಿ ಎನ್ನುವ ಬಾಯಿ ಅರ್ಜಿದಾರಳಿಗಿಲ್ಲ. ಪುಳಿಯೋಗರೆ ಪೊಟ್ಟಣಕ್ಕೆ ಹುಣಸೆಹಣ್ಣು ನೆನೆಹಾಕಿಯಾಗಿದೆ.

8. ಅವರ ಜಾಗಕ್ಕೆ ಬರುತ್ತಿರುವ ಶ್ರೀ ರಮಾಕಾಂತ ಅವರು ಬೆಂಗಳೂರಿನವರು. ಮನೆ ನೋಡಲು ಬಂದಾಗ ಸಂಘಕ್ಕೂ ಬಂದಿದ್ದರು. ಸಜ್ಜನರು. ಅವರ ಕನ್ನಡ ಅತ್ಯುತ್ತಮವಾಗಿದೆ. ತೊಂದರೆ ಇರುವುದೇ ಅಲ್ಲಿ. ಶುಭಾ ಸ್ವಾಗತಕ್ಕೆಂದು ಎದ್ದು ನಿಂತಳು. ಮೊದಲ ವಾಕ್ಯದಲ್ಲೇ ಅವರು, "ಹಾಗಲ್ಲ ಮರಿ, ಹೀಗೆ" ಎಂದು ಪ್ರೀತಿಯಿಂದ ತಿದ್ದಿದರು. ಎರಡನೆಯದರಲ್ಲೂ ತಿದ್ದಿದರು. ಮೂರನೆಯ ವಾಕ್ಯ ಬರಲಿಲ್ಲ. "ಪರವಾಗಿಲ್ಲ, ನಾನು ಬಂದ್ಮೇಲೆ ಎಲ್ಲರನ್ನೂ ಸರಿಮಾಡ್ತೀನಿ ಮೇಡಂ" ಎಂದು ಅವರು ಅರ್ಜಿದಾರಳಿಗೆ ಧೈರ್ಯ ಹೇಳಿದರು. ಅಂದು ಸಂಜೆ ಶುಭಾ, "ರಾಜ್ಯೋತ್ಸವಕ್ಕೆ ನನ್ನ ವದಿಲೇಯಿ ಅಮ್ಮಾ. ಬೇರೆ ಯಾರಿಗಾದ್ರೂ ಚೆಪ್ಪು" ಎಂದಳು. ಇದಕ್ಕೆ ಅನುವಾದ ಕೊಡಲು ಅರ್ಜಿದಾರಳಿಗೆ ಮನಸ್ಸಿಲ್ಲ. ಆ ಭಾನುವಾರ ಮನೆಯ ಚಾಪೆ ಮನೆಯಲ್ಲೇ ಇತ್ತು.

9. "ಅಷ್ಟು ಕಷ್ಟ ಯಾಕೆ? ಆ ಕಲಮನ್ನೇ ತಿದ್ದಿಬಿಡಿ, ದುರ್ಗಾಪ್ರಸಾದನ್ನ ಎಲ್ಲಿದ್ರೂ ಅಧ್ಯಕ್ಷ ಅಂತ ಬರ್ಕೊಳಿ" ಎಂಬುದು ಉಲ್ಲೇಖ ಮೂರರ ಸಲಹೆ. ಪರಿಶೀಲಿಸಲಾಯಿತು. ಕಲಮು ತಿದ್ದಲು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಹಾಜರಿರಬೇಕು. ನಮ್ಮ ಸದಸ್ಯರು ಹುಬ್ಬಳ್ಳಿ, ಕೊಚ್ಚಿ, ಪೋರ್ಟ್‌ಬ್ಲೇರ್, ದೆಹಲಿಗಳಲ್ಲಿ ಹಾಜರಿದ್ದಾರೆ. ಕೆಲವರು ನಡುಸಮುದ್ರದಲ್ಲಿದ್ದಾರೆ. ಹೋದವರ ಹೆಸರು ಹೊಡೆದುಹಾಕೋಣವೆಂದರೆ ಅರ್ಜಿದಾರಳ ಕೈ ಬಾರದು, ಏಕೆಂದರೆ ಆಗ ಸಂಘದಲ್ಲಿ ಸಂಘವೇ ಇರುವುದಿಲ್ಲ.

10. ಇದನ್ನೆಲ್ಲ ಕನ್ನಡದಲ್ಲಿ ಬರೆದರೆ ಪ್ರಧಾನ ಕಚೇರಿಯಲ್ಲಿ ಓದುವವರು ಯಾರು ಎಂದೂ ಪತಿ ಕೇಳಿದ್ದಾರೆ. ಬೆಂಗಳೂರಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆಂಬ ನಂಬಿಕೆಯಿಂದ ಬರೆದಿದೆ.

ಆದ್ದರಿಂದ, ಮೇಲ್ಕಂಡ ಸಕಲ ಕಾರಣಗಳಿಂದಾಗಿ, ಪೂರ್ವತೀರ ಕನ್ನಡ ಸಂಘವು ಸರ್ವಾನುಮತದಿಂದ ಪ್ರಾರ್ಥಿಸುವುದೇನೆಂದರೆ:

(ಅ) ಈ ಶಾಖೆಗೆ ಕನ್ನಡ ಬಾರದ ಮ್ಯಾನೇಜರನ್ನು ನೇಮಿಸತಕ್ಕದ್ದು. ತೆಲುಗು, ತಮಿಳು, ಒರಿಯಾ, ಯಾವುದಾದರೂ ಆಗಬಹುದು. ನೆಲದ ಮೇಲೆ ಕೂರಲು ಮಂಡಿನೋವು ಇರಬಾರದು.

(ಆ) ಶ್ರೀ ರಮಾಕಾಂತ ಅವರೇ ಬರುವುದು ಅನಿವಾರ್ಯವಾದಲ್ಲಿ, ಚಾರ್ಜು ಒಪ್ಪಿಸುವಾಗ ಗೋಡೆ ಗಡಿಯಾರದ ಕೆಳಗೆ ಇನ್ನೊಂದು ಸಾಲು ಸೇರಿಸಲು ಆದೇಶಿಸತಕ್ಕದ್ದು. ಅವರು ಪ್ರತಿ ಭಾನುವಾರ ಅದೇ ಚಾಪೆಯ ಮೇಲೆ ಕೂತು ಮಕ್ಕಳಿಂದ ತೆಲುಗು ಕಲಿಯತಕ್ಕದ್ದು. ಮಕ್ಕಳು ಅವರನ್ನು ತಿದ್ದತಕ್ಕದ್ದು. ಸದರಿಯವರು ಸಹಿ ಹಾಕಿದರೆ ಸಾಕು, ಬ್ಯಾಂಕಿನವರು ಚಾರ್ಜು ತೆಗೆದುಕೊಂಡದ್ದನ್ನು ದಾರಿಯಲ್ಲಿ ಬಿಡುವುದಿಲ್ಲವೆಂದು ಅರ್ಜಿದಾರಳು ಬಲ್ಲಳು.

ಉತ್ತರವನ್ನು ನವೆಂಬರಿಗೆ ಮುಂಚೆ ದಯಪಾಲಿಸಬೇಕಾಗಿ ಕೋರಿಕೆ.

ವರ್ಗವಿಲ್ಲದ, ತಮ್ಮ ವಿಶ್ವಾಸಿ,
(ಸಹಿ) ವಿಜಯಲಕ್ಷ್ಮೀ ಸೂರ್ಯಪ್ರಕಾಶ

ಲಗತ್ತುಗಳು:
1. ನಿಯಮಾವಳಿಯ ಒಂಬತ್ತನೆಯ ಕಲಮಿನ ಪ್ರತಿ.
2. ಭಾನುವಾರದ ಪಾಠದ ಒಂದು ಫೋಟೋ. ಎಡದಿಂದ ಮೂರನೆಯವರು, ಕೈಕಟ್ಟಿ ಕೂತವರು, ಮ್ಯಾನೇಜರು.
3. ರಾಜ್ಯೋತ್ಸವದ ನಿರೂಪಣೆಗೆಂದು ಕುಮಾರಿ ಶುಭಾ ಬರೆದುಕೊಂಡಿದ್ದ ಒಂದು ಪುಟ. ಅವಳು ಮುದುರಿ ಕಸದ ಬುಟ್ಟಿಗೆ ಹಾಕಿದ್ದನ್ನು ಅರ್ಜಿದಾರಳು ಎತ್ತಿಕೊಂಡು ಇಸ್ತ್ರಿ ಮಾಡಿ ಲಗತ್ತಿಸಿದ್ದಾಳೆ. ದಯವಿಟ್ಟು ಓದಿ, ಏನನ್ನೂ ತಿದ್ದದೆ ಹಿಂದಿರುಗಿಸುವುದು. ಅವಳಿಗೆ ಬೇಕಾಗುತ್ತದೆ.